ಬ್ರೋಚಿನ ಬೆನ್ನು ಮೊದಲು: ಎಪಾಕ್ಸಿ ಕ್ಲೇ ಮತ್ತು ಮಣಿಗಳಿಂದ ಪದಕ ಮಾಡುವ ಬಗೆ

ನನ್ನ ಮೇಜಿನ ಮೇಲೆ ಎಲೆಯಾಕಾರದ ಒಂದು ಬ್ರೋಚಿದೆ. ಉದ್ದ 45 ಮಿಲಿಮೀಟರ್, ಅಗಲ 25, ತೂಕ 14 ಗ್ರಾಂ. ನಡುನರದ ಉದ್ದಕ್ಕೂ 11 ಕಲ್ಲುಗಳ ಗೂಡುಗಳಿವೆ, ಅದರಲ್ಲಿ 4 ಖಾಲಿ. ಪಿನ್ನು ಸೊಟ್ಟಗಾಗಿದೆ. ನಮ್ಮ ದೊಡ್ಡಮ್ಮ ಇದನ್ನು ವರ್ಷಗಟ್ಟಲೆ ಶಾಲಿಗೆ ಚುಚ್ಚಿಕೊಂಡವರು. ಕಲ್ಲು ಉದುರಲು ಶುರುವಾದ ಮೇಲೆ ತಗಡಿನ ಡಬ್ಬಿಗೆ ಹಾಕಿಟ್ಟಿದ್ದರು. ಹೋದ ವರ್ಷ ಡಬ್ಬಿಯನ್ನೇ ನನ್ನ ಕೈಗಿಟ್ಟು, "ಏನಾದರೂ ಮಾಡಿಕೊಳ್ಳೇ, ಬಿಸಾಡಬೇಡ ಅಷ್ಟೆ" ಅಂದರು.

ಇಂಥ ಬ್ರೋಚು ಕೈಗೆ ಬಂದಾಗ ಮೊದಲು ಕಣ್ಣು ಹೋಗುವುದು ಮುಖದ ಕಡೆಗೆ. ಉದುರಿದ ಕಲ್ಲಿಗೆ ಜೋಡಿ ಎಲ್ಲಿ ಸಿಕ್ಕೀತು, ಸುತ್ತ ಯಾವ ಬಣ್ಣದ ಮಣಿ ಒಪ್ಪೀತು ಎಂಬ ಯೋಚನೆ. ನಾನೂ ಬಹಳ ದಿನ ಹಾಗೇ ಮಾಡಿದೆ. ಈಗ ಬ್ರೋಚನ್ನು ಬೋರಲು ಹಾಕದೆ ಕೆಲಸ ಶುರು ಮಾಡುವುದಿಲ್ಲ. ಪದಕ ಕುತ್ತಿಗೆಯಲ್ಲಿ ನೆಟ್ಟಗೆ ನಿಲ್ಲುತ್ತದೋ ನೆಲ ನೋಡುತ್ತದೋ, ಕ್ಲೇ ವರ್ಷಾನುಗಟ್ಟಲೆ ಹಿಡಿದುಕೊಂಡಿರುತ್ತದೋ ಮೂರು ತಿಂಗಳಿಗೆ ಎದ್ದು ಬರುತ್ತದೋ, ಎಲ್ಲ ತೀರ್ಮಾನವಾಗುವುದು ಬೆನ್ನಿನಲ್ಲಿ. ಅದಕ್ಕೇ ಈ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಬೆನ್ನಿನ ಮಾತೇ ಇದೆ.

ಎಪಾಕ್ಸಿ ಕ್ಲೇಯೇ ಯಾಕೆ ಬೇಕು? ಪಾಲಿಮರ್ ಕ್ಲೇಯನ್ನು ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಬೇಕಾಗುತ್ತದೆ. ಹಳೆಯ ಬ್ರೋಚಿನ ಅಂಟು, ಪ್ಲಾಸ್ಟಿಕ್ ಮುತ್ತು, ಕಲ್ಲಿನ ಹಿಂದಿನ ಬೇಗಡೆ ಯಾವುದೂ ಆ ಶಾಖಕ್ಕೆ ಹೇಳಿಸಿದ್ದಲ್ಲ. ಗಾಳಿಗೆ ಒಣಗುವ ಕ್ಲೇ ಒಳಗಿನ ನೀರು ಆರಿದಂತೆ ಕುಗ್ಗಿ ಲೋಹದಿಂದ ಬಿಟ್ಟುಕೊಳ್ಳುತ್ತದೆ. ಎಪಾಕ್ಸಿ ಕ್ಲೇ ಒಣಗುವುದಿಲ್ಲ, ಗಟ್ಟಿಯಾಗುತ್ತದೆ. ಎರಡು ಡಬ್ಬಿಯಲ್ಲಿ ಬರುವ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆತು ನಡೆಯುವ ರಾಸಾಯನಿಕ ಕ್ರಿಯೆ ಅದು. ಕೋಣೆಯ ಶಾಖವೇ ಸಾಕು, ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಇಟ್ಟ ಕಲ್ಲು ಇಟ್ಟಲ್ಲೇ ಇರುತ್ತದೆ.

ಬೋರಲು ಹಾಕಿ ನೋಡುವುದು

ಮೆತ್ತನೆಯ ಬಟ್ಟೆಯ ಮೇಲೆ ಬ್ರೋಚನ್ನು ಬೋರಲು ಹಾಕಿ ಭೂತಗನ್ನಡಿ ಹಿಡಿಯಿರಿ. ಮೊದಲು ಮುದ್ರೆ ಹುಡುಕಿ. 925 ಅಥವಾ ಸ್ಟರ್ಲಿಂಗ್ ಎಂದಿದ್ದರೆ ಅದು ಬೆಳ್ಳಿಯ ಗುರುತು. ತಯಾರಕರ ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಸಿ ಅಕ್ಷರದ ಕೃತಿಸ್ವಾಮ್ಯದ ಗುರುತಿದ್ದರೆ ಕಾಲ ಅಂದಾಜು ಮಾಡಬಹುದು. 1955ರಲ್ಲಿ ಟ್ರಿಫಾರಿ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ ಫ್ಯಾಷನ್ ಆಭರಣದ ವಿನ್ಯಾಸಕ್ಕೂ ಕೃತಿಸ್ವಾಮ್ಯವಿದೆ ಎಂದಿತು. ಆಮೇಲೆ ಆ ಗುರುತು ಅಲ್ಲಿನ ಬ್ರೋಚುಗಳ ಬೆನ್ನಿನ ಮೇಲೆ ಸಾಮಾನ್ಯವಾಯಿತು. ಕೊಕ್ಕೆಯೂ ವಯಸ್ಸು ಹೇಳುತ್ತದೆ. ಪಿನ್ನಿನ ತುದಿಯನ್ನು ತಿರುಗಿಸಿ ಭದ್ರ ಮಾಡುವ ಬೀಗ ಇಲ್ಲದೆ ಬರಿಯ ಬಾಗಿದ ಕೊಕ್ಕೆಯಿದ್ದು, ಪಿನ್ನು ಬ್ರೋಚಿನ ಅಂಚು ದಾಟಿ ಹೊರಗೆ ಚಾಚಿದ್ದರೆ ಅದು ಬಹಳ ಹಳೆಯದಿರಬಹುದು. ಇಂಥ ಬ್ರೋಚುಗಳನ್ನು ತಿಳಿದವರಿಗೆ ತೋರಿಸುವವರೆಗೂ ಕತ್ತರಿಸಬೇಡಿ, ಕ್ಲೇಯನ್ನೂ ಹಚ್ಚಬೇಡಿ. ಗಟ್ಟಿಯಾದ ಎಪಾಕ್ಸಿಯನ್ನು ಮತ್ತೆ ಬಿಡಿಸುವ ಸುಲಭದ ದಾರಿ ಇಲ್ಲ.

ಇನ್ನೆರಡು ವಿಷಯದಲ್ಲಿ ನಾನು ಕಟ್ಟುನಿಟ್ಟು. ಬ್ರೋಚಿನಲ್ಲಿ ದಂತದಂತೆ ಕಾಣುವ ತೆಳು ಪ್ಲಾಸ್ಟಿಕ್ ಇದ್ದರೆ ಒಂದು ಮೂಲೆಯನ್ನು ಬಿಸಿನೀರಿಗೆ ಹಿಡಿದು ಮೂಸಿ ನೋಡುತ್ತೇನೆ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೇಗ ಹೊತ್ತಿಕೊಳ್ಳುವ ವಸ್ತು ಅದು, ಹಳತಾದಂತೆ ಬಿಡುವ ಆಮ್ಲದ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ. ಅದನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಉಳಿದ ಬ್ರೋಚುಗಳ ಜೊತೆಗೂ ಇಡುವುದಿಲ್ಲ. ಎರಡನೆಯದು, ಕೈಗೆ ಭಾರ ಎನಿಸುವ, ಮುರಿದಲ್ಲಿ ಬೂದುಬಣ್ಣ ಕಾಣುವ ಹಳೆಯ ಮಿಶ್ರಲೋಹ. ಅದರಲ್ಲಿ ಸೀಸ ಇರುವ ಸಂಭವವುಂಟು. ಅದನ್ನು ಅರದಿಂದ ಉಜ್ಜಿ ಪುಡಿ ಎಬ್ಬಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಸಿಗುವ ಆಭರಣ ಅದರಿಂದ ಮಾಡಬೇಡಿ.

ಶುಚಿ ಮಾಡುವುದು ಒಣಗಿದ ಹಳೆಯ ಟೂತ್‌ಬ್ರಷ್ಷಿನಿಂದ. ನನ್ನ ಮೊದಲ ಬ್ರೋಚನ್ನು ನಾನು ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದೆ. ಬೆಳಿಗ್ಗೆ ತೆಗೆದರೆ ಕೊಳೆ ಹೋಗಿತ್ತು, ಕಲ್ಲಿನ ಜೀವವೂ ಹೋಗಿತ್ತು. ಎಲ್ಲ ಕಲ್ಲೂ ಮಸಿ ಬಳಿದ ಗಾಜಿನಂತೆ ಕಪ್ಪಾಗಿ ಕೂತಿದ್ದವು. ಈ ಕಲ್ಲುಗಳು ಹೊಳೆಯುವುದೇ ಹಿಂದೆ ಹಚ್ಚಿದ ತೆಳುವಾದ ಬೇಗಡೆಯಿಂದ, ನೀರು ಗೂಡಿನೊಳಗೆ ಇಳಿದರೆ ಬೇಗಡೆ ಕರಗಿ ಕಳಚುತ್ತದೆ. ಆ ಬ್ರೋಚನ್ನು ಉಳಿಸಿಕೊಳ್ಳಲು ಆಗಲಿಲ್ಲ, ಅದರ ಬೇಸರ ಇನ್ನೂ ಇದೆ. ಈಗ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ, ಹಿಂಡಿ, ಬ್ರೋಚಿನ ಮುಖ ಕೆಳಗೆ ಮಾಡಿ ಹಿಡಿದು ಒರೆಸುತ್ತೇನೆ. ಹಾಗೆ ಹಿಡಿದರೆ ತೇವ ಗೂಡಿಗೆ ಇಳಿಯುವುದಿಲ್ಲ. ಬಣ್ಣ ಹಾಕಿದ ಜಾಗಕ್ಕೂ ಕೃತಕ ಮುತ್ತಿಗೂ ಆಲ್ಕೋಹಾಲ್ ತಾಗಿಸಬೇಡಿ, ಮೇಲಿನ ಲೇಪ ಎದ್ದು ಬರಬಹುದು. ಹಸಿರು ಕಿಲುಬು ಇದ್ದರೆ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಕ್ಲೇ ಕೂರುವ ಬೆನ್ನಿನ ಭಾಗದಲ್ಲಿ ಮಾತ್ರ ಜಿಡ್ಡು ಒಂದಿಷ್ಟೂ ಉಳಿಯಬಾರದು. ಅಲ್ಲಿ ಎರಡು ಸಲ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ.

ಪಿನ್ನಿನ ಕಡ್ಡಿಯನ್ನು ಇಕ್ಕಳದಿಂದ ಕತ್ತರಿಸಿ. ಕತ್ತರಿಸುವಾಗ ತುಂಡು ಕಣ್ಣಿಗೆ ಹಾರದಂತೆ ಬಟ್ಟೆಯೊಳಗೆ ಹಿಡಿಯಿರಿ. ಆದರೆ ಕೀಲನ್ನೂ ಕೊಕ್ಕೆಯನ್ನೂ ತೆಗೆಯಬೇಡಿ. ಅವೆರಡನ್ನೂ ನಾನು ಮೊದಮೊದಲು ಕಷ್ಟಪಟ್ಟು ಉಜ್ಜಿ ಸಪಾಟು ಮಾಡುತ್ತಿದ್ದೆ, ಆಮೇಲೆ ಕ್ಲೇ ಚಕ್ಕೆಯಂತೆ ಕಳಚಿ ಬರುತ್ತಿತ್ತು. ನುಣುಪಾದ ಲೋಹವನ್ನು ಎಪಾಕ್ಸಿ ಅಂಟಿನ ಬಲದಿಂದ ಮಾತ್ರ ಹಿಡಿದಿರುತ್ತದೆ. ಕೀಲು, ಕೊಕ್ಕೆ, ಅಚ್ಚಿನ ತಗ್ಗು, ಜಾಲರಿಯ ತೂತು ಇವೆಲ್ಲ ಕ್ಲೇಯೊಳಗೆ ಹೂತುಹೋದಾಗ ಬೇರಿನಂತೆ ಹಿಡಿತ ಕೊಡುತ್ತವೆ. ಬ್ರೋಚಿನಲ್ಲಿ ಆರಪಾರ ತೂತುಗಳಿದ್ದರೆ ನಿಮ್ಮ ಪುಣ್ಯ. ಹಿಂದಿನಿಂದ ಕ್ಲೇ ಒತ್ತಿದಾಗ ಮುಂದೆ ಇಣುಕಿದ ತುಣುಕನ್ನು ಮೊಳೆಯ ತಲೆಯಂತೆ ಚಪ್ಪಟೆ ಮಾಡಿಬಿಟ್ಟರೆ ಅದು ಇನ್ನು ಜಪ್ಪಯ್ಯ ಅಂದರೂ ಬರುವುದಿಲ್ಲ. ಹಿತ್ತಾಳೆಯ ಬೆನ್ನಾದರೆ 120 ನಂಬರಿನ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿ ನಾಲ್ಕಾರು ಗೀರು ಹಾಕಿ, ನೀರು ಮುಖದ ಕಡೆ ಹರಿಯದಂತೆ ನೋಡಿಕೊಂಡು. ಬೂದು ಲೋಹಕ್ಕೆ ಅದೂ ಬೇಡ.

ಕಲಸುವ ಮೂರು ನಿಮಿಷ

ಮೊದಲು ಕೈಗವಸು, ನೈಟ್ರೈಲ್‌ನದು. ಇದನ್ನು ನಾನು ಒತ್ತಿ ಹೇಳಬೇಕು. ಎರಡು ಬೇಸಿಗೆ ಬರಿಗೈಯಲ್ಲಿ ಕಲಸಿದೆ, ಏನೂ ಆಗಲಿಲ್ಲ. ಮೂರನೆಯ ವರ್ಷ ಬೆರಳಸಂದಿಯಲ್ಲಿ ಕೆಂಪು ಗುಳ್ಳೆ, ರಾತ್ರಿ ನಿದ್ದೆಗೆಡಿಸುವ ತುರಿಕೆ. ರಾಳ ಮತ್ತು ಹಾರ್ಡನರ್ ಎರಡೂ ಚರ್ಮಕ್ಕೆ ಅಲರ್ಜಿ ಕಲಿಸುವ ವಸ್ತುಗಳು. ಒಮ್ಮೆ ದೇಹ ಅದನ್ನು ಕಲಿತರೆ ಮರೆಯುವುದಿಲ್ಲ, ಆಮೇಲೆ ಚೂರು ತಾಗಿದರೂ ಕೆರಳುತ್ತದೆ. ತೆಳುವಾದ ಲೇಟೆಕ್ಸ್ ಕೈಗವಸು ಇದಕ್ಕೆ ಸಾಲದು. ಅಕಸ್ಮಾತ್ ಕೈಗೆ ತಾಗಿದರೆ ಸೋಪು ನೀರಿನಿಂದಲೇ ತೊಳೆಯಿರಿ, ಆಲ್ಕೋಹಾಲ್‌ನಿಂದ ಚರ್ಮ ಒರೆಸಬೇಡಿ.

ಕ್ಲೇ ಕೊಳ್ಳುವಾಗ ಲೇಬಲ್ಲಿನಲ್ಲಿ ನೋಡಬೇಕಾದದ್ದು ಸಮಯ. ಆಭರಣ ಮತ್ತು ಶಿಲ್ಪದ ಕೆಲಸಕ್ಕೆ ಸಿಗುವ ಎಪಾಕ್ಸಿ ಕ್ಲೇಗಳು ಕಲಸಿದ ಮೇಲೆ 1ರಿಂದ 3 ಗಂಟೆ ಕೆಲಸಕ್ಕೆ ಬಗ್ಗುತ್ತವೆ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಪೈಪು ಸೋರಿದರೆ ಹಚ್ಚುವ ಪಟ್ಟಿಗಳು ಐದು ಹತ್ತು ನಿಮಿಷಕ್ಕೇ ಗಟ್ಟಿ, ಅಷ್ಟರಲ್ಲಿ ಹತ್ತು ಮಣಿ ಕೂರಿಸುವುದೂ ಆಗುವುದಿಲ್ಲ. ಸೆಖೆಯಿದ್ದರೆ ಬೇಗ ಗಟ್ಟಿಯಾಗುತ್ತದೆ, ಚಳಿಯಿದ್ದರೆ ತಡ. ಬೇಗ ಆಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವುದು ಮಾತ್ರ ದೊಡ್ಡ ತಪ್ಪು. ಬೆರೆಯಲು ಜೊತೆ ಸಿಗದ ಹಾರ್ಡನರ್ ಒಳಗೇ ಉಳಿದು ಇಡೀ ತುಂಡು ಮೆತ್ತಗಾಗುತ್ತದೆ.

ನನ್ನ ಎಲೆಗೆ ಒಂದೊಂದು ಭಾಗದಿಂದಲೂ 18 ಮಿಲಿಮೀಟರ್ ದಪ್ಪದ ಒಂದೊಂದು ಗೋಲಿ ಸಾಕಾಯಿತು. ಎರಡು ಡಬ್ಬಿಗೆ ಎರಡು ಬೇರೆ ಕಡ್ಡಿ. ಒಂದೇ ಕಡ್ಡಿ ಎರಡಕ್ಕೂ ಅದ್ದಿದರೆ, ಮುಚ್ಚಳ ಅದಲುಬದಲಾದರೆ ಡಬ್ಬಿಯ ಬಾಯಲ್ಲೇ ಕ್ಲೇ ಕಲ್ಲಾಗಿ ಕೂರುತ್ತದೆ. ಗೋಲಿಗಳನ್ನು ಪಕ್ಕಪಕ್ಕ ಇಟ್ಟು ಅಳತೆ ಸಮ ಎನಿಸುವವರೆಗೂ ಚಿವುಟಿ ತೆಗೆಯುತ್ತೇನೆ.

ಆಮೇಲೆ ಗಡಿಯಾರ ನೋಡಿಕೊಂಡು ಮೂರು ನಿಮಿಷ ಕಲಸು. ನನ್ನ ಕ್ಲೇಯಲ್ಲಿ ಒಂದು ಭಾಗ ಕಡುಗಪ್ಪು, ಇನ್ನೊಂದು ತಿಳಿಬೂದು. ಮೊದಲ ಅರ್ಧ ನಿಮಿಷ ಎರಡೂ ಒಂದರೊಳಗೊಂದು ಹೋಗಲು ಒಪ್ಪುವುದಿಲ್ಲ, ಒಂದು ಅಂಟು, ಇನ್ನೊಂದು ಪುಡಿಪುಡಿ. ಎಳೆದು ಮಡಚಿ, ಮತ್ತೆ ಎಳೆದು ಮಡಚಿದಂತೆ ಮರದ ತಿರುಳಿನ ಗೆರೆಗಳಂತೆ ಪಟ್ಟೆ ಕಾಣಿಸುತ್ತದೆ. ಒಂದೂವರೆ ನಿಮಿಷಕ್ಕೆ ಪಟ್ಟೆ ಮಾಯವಾದ ಹಾಗೆ ಕಾಣುತ್ತದೆ, ಅಲ್ಲಿ ನಿಲ್ಲಿಸಬೇಡಿ. ಮುದ್ದೆಯನ್ನು ನಡುವೆ ಹರಿದು ಒಳಗೆ ನೋಡಿ, ಕೂದಲೆಳೆಯಷ್ಟು ಬೂದುಗೆರೆ ಇನ್ನೂ ಇರುತ್ತದೆ. ಆ ಗೆರೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗದೆ, ಉಗುರಿಗೆ ಸಿಗುವಷ್ಟು ಮೆತ್ತಗೆ ಉಳಿಯುತ್ತದೆ. ಮೂರು ನಿಮಿಷವಾದಾಗ ಮುದ್ದೆ ಬೆರಳಿಗೆ ಬೆಚ್ಚಗೆ ತಾಗುತ್ತದೆ, ಹರಿದರೆ ಒಳಗೂ ಹೊರಗೂ ಒಂದೇ ಬಣ್ಣ. ಪಾಲಿಥಿನ್ ಹಾಳೆಯ ಮೇಲಿಟ್ಟು 15 ನಿಮಿಷ ಬಿಡಿ. ಪಾಲಿಥಿನ್‌ಗೆ ಎಪಾಕ್ಸಿ ಅಂಟಿಕೊಳ್ಳುವುದಿಲ್ಲ. ಆ ಹೊತ್ತಿಗೆ ಅತಿಯಾದ ಜಿಗುಟು ಇಳಿದು ಕೈಗೆ ಹೇಳಿದ ಮಾತು ಕೇಳುವ ಹದಕ್ಕೆ ಬರುತ್ತದೆ.

ಮೊದಲ ದಿನ: ಬೆನ್ನುಹಲಗೆ

ಬ್ರೋಚಿನ ಮುಖ ಉಬ್ಬುತಗ್ಗು, ಬರಿಯ ಮೇಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಅಲ್ಲಾಡುತ್ತದೆ. ಮಕ್ಕಳು ಆಡುವ ಪ್ಲಾಸ್ಟಿಸಿನ್ ಉಂಡೆಯನ್ನು ಚಪ್ಪಟೆ ಮಾಡಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಬ್ರೋಚನ್ನು ಮುಖ ಕೆಳಗಾಗಿ ಅದರೊಳಗೆ ಒತ್ತಿ. ಅದಕ್ಕೊಂದು ತೊಟ್ಟಿಲಾದಂತೆ. ಬ್ರೋಚಿನ ಅಂಚೂ ಪ್ಲಾಸ್ಟಿಸಿನ್ನಿನ ಮೇಲ್ಮೈಯೂ ಒಂದೇ ಮಟ್ಟಕ್ಕೆ ಬರಬೇಕು.

ಕ್ಲೇಯ ಸಣ್ಣ ಸಣ್ಣ ಚೂರುಗಳನ್ನು ಮೊದಲು ತಗ್ಗುಗಳಿಗೆ, ಕೀಲಿನ ಕೆಳಗೆ, ಕೊಕ್ಕೆಯ ಬಾಯೊಳಗೆ ಟೂತ್‌ಪಿಕ್‌ನಿಂದ ತುರುಕಿ. ಒಮ್ಮೆಲೇ ದೊಡ್ಡ ಮುದ್ದೆ ಒತ್ತಿದರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಉಳಿದದ್ದನ್ನು 2 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಇಡೀ ಬೆನ್ನಿಗೆ ಹೊದಿಸಿ, ಸುತ್ತಲೂ 8 ಮಿಲಿಮೀಟರ್ ಹೊರಕ್ಕೆ ಚಾಚುವಂತೆ ಬಿಡಿ. ಈ ಚಾಚಿದ ಅಂಚಿನ ಒಳಗಿನ 5 ಮಿಲಿಮೀಟರ್ ನಾಳೆ ಮಣಿ ಕೂರುವ ಜಾಗ, ಹೊರಗಿನ 3 ಮಿಲಿಮೀಟರ್ ಸೂಜಿಕೆಲಸದ ಜಾಗ.

ಹೊರ ಅಂಚಿನಿಂದ 2 ಮಿಲಿಮೀಟರ್ ಒಳಗೆ ರಂಧ್ರಗಳ ಸಾಲು ಈಗಲೇ ಆಗಬೇಕು. ಅಂಚಿನ ಸುತ್ತಳತೆಯನ್ನು ದಾರ ಹಿಡಿದು ಅಳೆಯಿರಿ. ನನ್ನದು 160 ಮಿಲಿಮೀಟರ್ ಬಂತು. 4 ಮಿಲಿಮೀಟರಿಗೊಂದರಂತೆ 40 ರಂಧ್ರ. ಒದ್ದೆ ಮಾಡಿದ ದಪ್ಪ ಸೂಜಿಯಿಂದ ಚುಚ್ಚಿ, ಒಂದು ಸುತ್ತು ತಿರುಗಿಸಿ ತೆಗೆದರೆ ರಂಧ್ರದ ಬಾಯಿ ನುಣುಪಾಗಿರುತ್ತದೆ. ಒಂದು ಗಂಟೆಯ ನಂತರ ಮತ್ತೊಮ್ಮೆ ಅದೇ ಸೂಜಿ ಹಾಕಿ ತೆಗೆಯಿರಿ, ಅಷ್ಟರಲ್ಲಿ ಅರ್ಧ ರಂಧ್ರಗಳು ಮುಚ್ಚಿಕೊಳ್ಳಲು ನೋಡಿರುತ್ತವೆ. ಮರೆತರೆ ಗಟ್ಟಿಯಾದ ಮೇಲೆ 1 ಮಿಲಿಮೀಟರಿನ ಕೈಬೈರಿಗೆಯಿಂದ ಕೊರೆಯಬಹುದು, ಆದರೆ ಮೂಗಿಗೆ ಮಾಸ್ಕ್ ಬೇಕು, ತಾಳ್ಮೆಯೂ ಬೇಕು.

ಇನ್ನು ನೇತುಹಾಕುವ ಬಳೆಗಳು. 0.8 ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಪೆನ್ನಿನ ರೀಫಿಲ್ಲಿಗೆ ಸುತ್ತಿ ಬಳೆ ಮಾಡಿ, ಎರಡೂ ಬಾಲಗಳನ್ನು ಒಂದಕ್ಕೊಂದು ಹೊಸೆದು, ತುದಿಯನ್ನು ಹಾವಿನ ನಡೆಯಂತೆ ಅಂಕುಡೊಂಕು ಮಾಡಿ. ನೇರ ಬಾಲ ಒಂದು ದಿನ ಜಾರಿ ಬರುತ್ತದೆ, ಅಂಕುಡೊಂಕಿನದು ಬರುವುದಿಲ್ಲ. ಕನಿಷ್ಠ 10 ಮಿಲಿಮೀಟರ್ ಬಾಲ ಕ್ಲೇಯೊಳಗೆ ಹೂತಿರಲಿ, ಮೇಲೆ ಇನ್ನೊಂದು ಪದರ ಕ್ಲೇ ಮುಚ್ಚಿ.

ಎಲ್ಲಿ ಹೂಳಬೇಕು ಎಂಬುದಕ್ಕೆ ನನ್ನ ಪರೀಕ್ಷೆ ಇದು. ಕ್ಲೇ ಕಲಸುವ ಮೊದಲೇ ಬ್ರೋಚಿಗೆ ಮಾಸ್ಕಿಂಗ್ ಟೇಪಿನಿಂದ ದಾರ ಅಂಟಿಸಿ ನೇತುಬಿಟ್ಟು ನೋಡಿ. ನಡುಮಟ್ಟದಲ್ಲಿ ಕಟ್ಟಿದರೆ ತಲೆಕೆಳಗಾಗುತ್ತದೆ, ಮೇಲಿನ ಮೂರನೆಯ ಒಂದು ಭಾಗದಲ್ಲಿ ಕಟ್ಟಿದರೆ ನಿಲ್ಲುತ್ತದೆ. ದಪ್ಪದ ಲೆಕ್ಕವೂ ಇದೆ. ಬಳೆ ತೀರ ಹಿಂದಿನ ಮೈಗೆ ಅಂಟಿಕೊಂಡಿದ್ದರೆ ತೂಕವೆಲ್ಲ ಅದರ ಮುಂದೆ ಬಿದ್ದು ಪದಕದ ಮುಖ ನೆಲದ ಕಡೆ ವಾಲುತ್ತದೆ. ಬಳೆ ಪದಕದ ದಪ್ಪದ ನಡುವಿನಿಂದ ಹೊರಡಬೇಕು. ಅಗಲದ ಬ್ರೋಚಿಗೆ ಎರಡು ಬಳೆ, ಎಷ್ಟು ದೂರ ಇಟ್ಟರೆ ಅಷ್ಟು ಸ್ಥಿರ. ನನ್ನ ಎಲೆಯನ್ನು ಅಡ್ಡಡ್ಡ ತೂಗಬೇಕೆಂದು ಮನಸ್ಸಾಯಿತು, ತೊಟ್ಟಿನ ಬಳಿ ಒಂದು, ತುದಿಯ ಬಳಿ ಒಂದು ಹಾಕಿದೆ.

ಆ ತೊಟ್ಟಿನ ಹತ್ತಿರ ಬೆನ್ನಿನಲ್ಲಿ ಸೂಜಿಯಿಂದ ಗೀಚಿದ ಎರಡಕ್ಷರ ಇತ್ತು, ದೊಡ್ಡಮ್ಮನ ಹೆಸರಿನದು. ಅದನ್ನು ಕ್ಲೇಯಡಿಯಲ್ಲಿ ಮುಚ್ಚಲು ಕೈ ಬರಲಿಲ್ಲ. ಮುದ್ರೆ, ಹೆಸರು, ತಾರೀಖು ಯಾವುದಿದ್ದರೂ ಅದಕ್ಕೊಂದು ಕಿಟಕಿ ಬಿಡಬಹುದು. ಅಕ್ಷರದ ಮೇಲೆ ಅಳತೆಗೆ ಕತ್ತರಿಸಿದ ಮಾಸ್ಕಿಂಗ್ ಟೇಪನ್ನು ಮೂರು ಪದರ ಅಂಟಿಸಿ, ಕ್ಲೇಯನ್ನು ಅದರ ಮೇಲೂ ಹಾಯಿಸಿ. ಎರಡು ಗಂಟೆಯ ನಂತರ ಕ್ಲೇ ತೊಗಲಿನ ಹದಕ್ಕೆ ಬಂದಾಗ ಒದ್ದೆ ಬ್ಲೇಡಿನಿಂದ ಟೇಪಿನ ಅಂಚಿಗೆ ಸರಿಯಾಗಿ ಕೊಯ್ದು ಎತ್ತಿದರೆ ಟೇಪಿನ ಜೊತೆ ಚೌಕ ತುಂಡು ಎದ್ದು ಬರುತ್ತದೆ. ಒಳಗೆ ಅಕ್ಷರ ಹಾಗೇ ಇರುತ್ತದೆ, ಪುಟ್ಟ ಗೂಡಿನೊಳಗೆ ಕೂತಂತೆ.

ಬೆನ್ನನ್ನು ಒದ್ದೆ ಬೆರಳಿನಿಂದ ಸವರಿ ನುಣುಪು ಮಾಡಿ. ಬೆರಳು ತೇವ ಇದ್ದರೆ ಸಾಕು, ನೀರು ನಿಂತರೆ ಮೇಲ್ಪದರ ಕದಡಿ ಬಲ ಕಳೆದುಕೊಳ್ಳುತ್ತದೆ. ಇನ್ನು 24 ಗಂಟೆ ಮುಟ್ಟಬೇಡಿ.

ಎರಡನೆಯ ದಿನ: ಮುಖ

ಗಟ್ಟಿಯಾದದ್ದನ್ನು ತೊಟ್ಟಿಲಿನಿಂದ ಎತ್ತಿ. ಮಣಿ ಕೂರುವ 5 ಮಿಲಿಮೀಟರ್ ಪಟ್ಟಿಯನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ, ಒರೆಸಿ, ಹೊಸದಾಗಿ ಕಲಸಿದ ಕ್ಲೇಯನ್ನು 2 ಮಿಲಿಮೀಟರ್ ದಪ್ಪಕ್ಕೆ ಸುತ್ತಲೂ ಇಡಿ. ಬ್ರೋಚಿನ ಅಂಚಿನ ಮೇಲೆ ಕೂದಲೆಳೆಯಷ್ಟು ಹತ್ತಿಸಿದರೆ ಲೋಹ ಕ್ಲೇಯಿಂದಲೇ ಹುಟ್ಟಿದಂತೆ ಕಾಣುತ್ತದೆ.

ಕ್ಲೇಯ ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಹಳೆಯ ಚಿನ್ನದ ಬಣ್ಣದ ಲೋಹಕ್ಕೆ ಬಿಳಿ ಕ್ಲೇ ಬೇಡ. ಬಿಳಿಯ ಪಕ್ಕದಲ್ಲಿ ಸವೆದ ಲೇಪ ಬಡವಾಗಿ ಕಾಣುತ್ತದೆ, ಕಪ್ಪು ಅಥವಾ ಗಾಢ ಕಂದಿನ ಪಕ್ಕದಲ್ಲಿ ಅದೇ ಸವೆತ ಬೆಳಕಿನಂತೆ ಕಾಣುತ್ತದೆ. ಮಿನುಗು ಬೇಕಿದ್ದರೆ ಮೈಕಾ ಪುಡಿಯನ್ನು ಒಣ ಬ್ರಷ್ಷಿನಿಂದ ಹಸಿ ಕ್ಲೇಯ ಉಬ್ಬುಗಳಿಗೆ ಮಾತ್ರ ಸವರಿ, ಜಿಗುಟು ಇರುವಾಗಲೇ. ಆಗ ಅದು ಅಂಟಿಕೊಳ್ಳುತ್ತದೆ.

ಸಣ್ಣ ಮಣಿಗಳನ್ನು ಒಂದೊಂದಾಗಿ ಚಿಮಟದಿಂದ ಇಡಲು ಹೋದರೆ ತೂತು ಮೇಲೆ ಬಂದು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. 11/0 ಅಳತೆಯ ಮಣಿಗಳನ್ನು, ಅಂದರೆ ಸುಮಾರು 2 ಮಿಲಿಮೀಟರಿನವನ್ನು, ದಾರಕ್ಕೆ ಪೋಣಿಸಿ. ಕ್ಲೇಯಲ್ಲಿ ಒದ್ದೆ ಸೂಜಿಯಿಂದ ಗಾಡಿಜಾಡಿನಂತೆ ಒಂದು ತಗ್ಗು ಎಳೆದು, ಪೋಣಿಸಿದ ಸರವನ್ನು ಅದರೊಳಗೆ ಮಲಗಿಸಿ. ಪೆನ್ಸಿಲ್ಲಿನ ಚಪ್ಪಟೆ ಹಿಂದುದಿಯಿಂದ ಅರ್ಧದಷ್ಟು ಹೂತುಹೋಗುವಂತೆ ಒತ್ತಿ. ಇಪ್ಪತ್ತು ನಿಮಿಷ ಬಿಟ್ಟು ಒಂದು ಮಣಿಯ ಮೇಲೆ ಬೆರಳಿಟ್ಟು ದಾರದ ಒಂದು ತುದಿಯನ್ನು ಮೆಲ್ಲಗೆ, ಮಣಿಸಾಲಿನ ದಿಕ್ಕಿನಲ್ಲೇ ಎಳೆಯಿರಿ. ದಾರ ನುಣ್ಣಗೆ ಜಾರಿಕೊಂಡು ಹೊರಗೆ ಬರುತ್ತದೆ, ಮಣಿಗಳು ಸಾಲಾಗಿ ಅಲ್ಲೇ ಉಳಿಯುತ್ತವೆ, ತೂತೆಲ್ಲ ಪಕ್ಕದ ಮಣಿಯ ಮರೆಯಲ್ಲಿ. ಎಷ್ಟು ಸಲ ಮಾಡಿದರೂ ಈ ಒಂದು ಕ್ಷಣ ನನಗೆ ಹೊಸದೇ. ಎರಡನೆಯ ಸಾಲಿಗೆ 15/0 ಬಳಸಿ, ಸುಮಾರು 1.5 ಮಿಲಿಮೀಟರಿನವು, ಒಳಸುತ್ತಿನ ತಿರುವಿನಲ್ಲಿ ಅವು ಚೆನ್ನಾಗಿ ಬಗ್ಗುತ್ತವೆ.

ಬಣ್ಣ ಬಿಡುವ ಮಣಿಗಳನ್ನು ಮುಂಚೆಯೇ ಪರೀಕ್ಷಿಸಿ. ನಾಲ್ಕು ಮಣಿಗಳನ್ನು ಆಲ್ಕೋಹಾಲಿನಲ್ಲಿ ನೆನೆದ ಹತ್ತಿಯಲ್ಲಿ ಹತ್ತು ನಿಮಿಷ ಸುತ್ತಿಡಿ. ಹತ್ತಿಗೆ ಬಣ್ಣ ಹತ್ತಿದರೆ ಆ ಮಣಿ ಈ ಕೆಲಸಕ್ಕೆ ಬೇಡ, ಯಾಕೆಂದರೆ ಕೊನೆಗೆ ಕ್ಲೇ ಕಲೆ ಒರೆಸುವುದು ಆಲ್ಕೋಹಾಲಿನಿಂದಲೇ.

ತಳ ಚೂಪಾದ ಕಲ್ಲುಗಳನ್ನು ಕೂರಿಸುವಾಗ ಒಂದು ಗುಟ್ಟು ತಿಳಿದಿರಲಿ. ಕಲ್ಲಿನ ಅತಿ ಅಗಲದ ಗೆರೆ, ಸೊಂಟ ಅನ್ನೋಣ, ಕ್ಲೇಯ ಮಟ್ಟಕ್ಕಿಂತ ಎಳೆಯಷ್ಟು ಕೆಳಗೆ ಇಳಿಯಬೇಕು. ಆಗ ಕ್ಲೇ ಸೊಂಟದ ಮೇಲೆ ಉಕ್ಕಿ ತುಟಿಯಂತೆ ಹಿಡಿಯುತ್ತದೆ. ಸೊಂಟ ಮೇಲೆಯೇ ಉಳಿದರೆ ಕಲ್ಲು ಬರಿಯ ಅಂಟಿನ ಮೇಲೆ ಕೂತಿರುತ್ತದೆ, ಒಂದು ದಿನ ಬೀಳುತ್ತದೆ. ಕಲ್ಲು ಎತ್ತಲು ಕಡ್ಡಿಯ ತುದಿಗೆ ಚೂರು ಮೇಣ ಹಚ್ಚಿಕೊಳ್ಳಿ. 6 ಮಿಲಿಮೀಟರ್ ಅಗಲದ ಕಲ್ಲಿಗೆ ಕೆಳಗೆ ಸಾಕಷ್ಟು ಆಳ ಬೇಕು, ಪದರ ತೆಳುವಿದ್ದರೆ ಚೂಪುತುದಿ ಕೆಳಗಿನ ಗಟ್ಟಿ ಪದರಕ್ಕೆ ತಾಗಿ ಮೇಲೆದ್ದು ನಿಲ್ಲುತ್ತದೆ.

ಬ್ರೋಚಿನ ಖಾಲಿ ಗೂಡುಗಳಿಗೆ ಜೋಡಿಕಲ್ಲು ಹುಡುಕುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಹೊಸ ಕಲ್ಲು ಹಳೆಯವುಗಳ ನಡುವೆ ಪ್ರಖರವಾಗಿ ಹೊಳೆದು ಉಳಿದ ಏಳನ್ನೂ ಮಂಕು ಮಾಡುತ್ತದೆ. ಗೂಡಿನ ತಳಕ್ಕೆ ಸೂಜಿಮೊನೆಯಷ್ಟು ಕ್ಲೇ ಇಟ್ಟು, ಬೇರೆಯೇ ಜಾತಿಯ ಮಣಿ ಕೂರಿಸುತ್ತೇನೆ. ಎಲೆಯ ನಾಲ್ಕು ಗೂಡಿಗೆ ಹಾಕಿದ್ದು ಹೊಳಪಿಲ್ಲದ ಕಡುಹಸಿರು ಗಾಜಿನ ಮಣಿ. ಹಳೆಯ ಏಳು ಕಲ್ಲು ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ.

ಎದ್ದೇಳುವ ಮುನ್ನ ಪ್ರತಿ ಕಲ್ಲಿನ ಮುಖವನ್ನೂ ಹಿಂಡಿದ ಆಲ್ಕೋಹಾಲಿನ ಹತ್ತಿಕಡ್ಡಿಯಿಂದ ಒರೆಸಿ. ಈಗ ಎರಡು ನಿಮಿಷದ ಕೆಲಸ, ನಾಳೆಗಾದರೆ ಕೆರೆದು ಗೀರು ಬೀಳಿಸಿಕೊಳ್ಳಬೇಕು. ಮತ್ತೆ 24 ಗಂಟೆ.

ಅಂಚಿನ ಮಣಿಹೊಲಿಗೆ

ಮೊದಲು ಬೆನ್ನನ್ನೂ ಅಂಚನ್ನೂ 220, 400, 600 ನಂಬರಿನ ಪೇಪರಿನಿಂದ ಸ್ವಲ್ಪವೇ ಒದ್ದೆ ಮಾಡಿ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಪುಡಿ ಉಸಿರಿಗೆ ಹೋಗುತ್ತದೆ. ಕಲ್ಲಿನ ಹತ್ತಿರ ಹೋಗಬೇಡಿ. ನುಣುಪು ಸಾಕೇ ಎಂದು ತಿಳಿಯಲು ಹಳೆಯ ನೈಲಾನ್ ಕಾಲುಚೀಲವನ್ನು ಮೇಲೆ ಎಳೆದು ನೋಡಿ. ಎಲ್ಲಿ ಎಳೆ ಸಿಕ್ಕಿತೋ ಅಲ್ಲಿ ಇನ್ನೂ ಉಜ್ಜಬೇಕು, ಅದೇ ಜಾಗ ನಾಳೆ ಬಟ್ಟೆಯನ್ನೂ ಕತ್ತನ್ನೂ ಕೆರೆಯುತ್ತದೆ.

ಫೈರ್‌ಲೈನ್‌ನಂಥ ಗಟ್ಟಿ ದಾರ, 10 ಅಥವಾ 12 ನಂಬರಿನ ಮಣಿಸೂಜಿ ತೆಗೆದುಕೊಳ್ಳಿ. ಮಾಮೂಲಿ ಹೊಲಿಗೆದಾರ ರಂಧ್ರದ ಅಂಚಿಗೆ ಸವೆದು ಹರಿಯುತ್ತದೆ. ಒಂದು ಗೇಣು ಬಾಲ ಬಿಟ್ಟು, ಮೊದಲ ರಂಧ್ರದಲ್ಲಿ ಹಿಂದಿನಿಂದ ಮುಂದಕ್ಕೆ ಸೂಜಿ ತನ್ನಿ. ಮೂರು 11/0 ಮಣಿ ಪೋಣಿಸಿ, ದಾರವನ್ನು ಅಂಚಿನ ಮೇಲಿಂದ ಹಿಂದಕ್ಕೆ ಒಯ್ದು ಎರಡನೆಯ ರಂಧ್ರದಲ್ಲಿ ಮತ್ತೆ ಹಿಂದಿನಿಂದ ಮುಂದಕ್ಕೆ ತನ್ನಿ. ಈಗ ಮೂರನೆಯ ಮಣಿಯೊಳಗೆ ಮಾತ್ರ, ಅಂಚಿನ ಕಡೆಯಿಂದ ಹೊರಕ್ಕೆ, ಸೂಜಿ ಹಾಯಿಸಿ ಎಳೆಯಿರಿ. ಎರಡು ಮಣಿ ಅಂಚಿನ ಮೇಲೆ ನಿಂತು, ನಡುವಿನದು ತಲೆಯ ಮೇಲೆ ಕೂರುತ್ತದೆ. ಮುಂದಿನ ರಂಧ್ರದಿಂದ ಎರಡೆರಡೇ ಮಣಿ: ಪೋಣಿಸಿ, ರಂಧ್ರದಲ್ಲಿ ಹಿಂದಿನಿಂದ ಮುಂದಕ್ಕೆ, ಕೊನೆಯ ಮಣಿಯೊಳಗೆ ಹೊರಕ್ಕೆ. ಸುತ್ತು ಮುಗಿದಾಗ ಒಂದೇ ಮಣಿ ಪೋಣಿಸಿ, ಮೊಟ್ಟಮೊದಲ ಮಣಿಯೊಳಗೆ ಕೆಳಕ್ಕೆ ಇಳಿದು ಮೊದಲ ರಂಧ್ರ ಸೇರಿ, ಬಾಲದ ಜೊತೆ ಗಂಟು ಹಾಕಿ. 40 ರಂಧ್ರಕ್ಕೆ 80 ಮಣಿ. ಲೆಕ್ಕ ತಪ್ಪಿದರೆ ಎಲ್ಲೋ ಒಂದು ರಂಧ್ರ ಬಿಟ್ಟಿದ್ದೀರಿ ಎಂದರ್ಥ. ದಾರವನ್ನು ಬಿಗಿಯಾಗಿಯೇ ಎಳೆಯಿರಿ, ಆದರೆ ಅಂಚಿನ ಕಡೆಗೆ ಜಗ್ಗಬೇಡಿ, ಕ್ಲೇಗೆ ಬಲವಿರುವುದು ನೇರ ಎಳೆತಕ್ಕೆ.

ಹಾರದ ಸರ ನಿಮ್ಮಿಷ್ಟ. ನಾನು ಅಂಚಿನ ಮಣಿಯ ಬಣ್ಣವನ್ನೇ ಎರಡೆಳೆ ಪೋಣಿಸಿ ಬಳೆಗಳಿಗೆ ಕಟ್ಟಿದೆ. ಪೂರ್ತಿಯಾದ ಪದಕ 31 ಗ್ರಾಂ ತೂಗಿತು, ಕುತ್ತಿಗೆಗೆ ಹಗುರವೇ. ಇದೇ ವಿಧಾನದಲ್ಲಿ ಕಿವಿಗೆ ಮಾಡುವುದಾದರೆ ಒಂದೊಂದು 8 ಗ್ರಾಂ ಮೀರದಂತೆ ನೋಡಿಕೊಳ್ಳಿ, ಬೆನ್ನುಹಲಗೆಯನ್ನು ಇನ್ನೂ ತೆಳುವಾಗಿ ಲಟ್ಟಿಸಿ.

ಎಲ್ಲ ಮುಗಿದ ಮೇಲೆ ಬ್ರೋಚಿನ ಅಂಚು ಎಲ್ಲಾದರೂ ಕ್ಲೇಯಿಂದ ಬಾಯಿ ಬಿಟ್ಟರೆ ಗಾಬರಿ ಬೇಡ. ಎರಡು ಟ್ಯೂಬಿನ ದ್ರವ ಎಪಾಕ್ಸಿ ಅಂಟನ್ನು ಸೂಜಿತುದಿಯಲ್ಲಿ ಬಿರುಕಿಗೆ ಇಳಿಸಿ, ಮಾಸ್ಕಿಂಗ್ ಟೇಪಿನಿಂದ ಒಂದು ದಿನ ಬಿಗಿದಿಡಿ. ಬಾಯಿ ಬಿಡುವುದು ಸಾಮಾನ್ಯವಾಗಿ ಕೊಕ್ಕೆ, ಕೀಲು, ತೂತು ಯಾವುದೂ ಇಲ್ಲದ ಕಡೆ. ಮುಂದಿನ ಬ್ರೋಚಿನಲ್ಲಿ ಅಂಥ ಬೋಳು ಜಾಗ ಕಂಡರೆ ಅಂಚಿನ ಮೇಲೆ ಕ್ಲೇಯನ್ನು ಒಂದು ಮಿಲಿಮೀಟರ್ ಹೆಚ್ಚೇ ಹತ್ತಿಸಿ.

ನೀರು, ಸುಗಂಧದ್ರವ್ಯ ಎರಡನ್ನೂ ಇದರಿಂದ ದೂರ ಇಡಿ. ಹಳೆಯ ಕಲ್ಲಿನ ಬೇಗಡೆ ಇನ್ನೂ ಅದೇ ಹಳೆಯದು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಯೇ ಇಡಿ, ಮುಖ ಮೇಲಾಗಿ. ಆರು ತಿಂಗಳಿಗೊಮ್ಮೆ ಬೋರಲು ಹಾಕಿ, ಬಳೆಗಳ ಬುಡವನ್ನೂ ಅಲ್ಲಿ ದಾರ ಸವೆದಿದೆಯೇ ಎಂಬುದನ್ನೂ ಭೂತಗನ್ನಡಿಯಲ್ಲಿ ನೋಡಿ. ದಾರದ ಎಳೆ ಎದ್ದಿದ್ದರೆ ಹರಿಯುವ ಮೊದಲೇ ಸರವನ್ನು ಹೊಸದಾಗಿ ಪೋಣಿಸಿಬಿಡಿ.